ಹಾಲ್ಗದ್ದೆಯ ಮೇಲ್ಮಣ್ಣು

ನಮ್ಮ ದೊಡ್ಡಪ್ಪ ಷಡಕ್ಷರಿ ನಮ್ಮ ಗದ್ದೆಯನ್ನು ಕದ್ದ. ಅಳತೆಯಲ್ಲಿ ಒಂದು ಗೇಣೂ ಕಡಿಮೆಯಾಗದ ಹಾಗೆ ಕದ್ದ. ಹೀಗೆಂದರೆ ಶೆಟ್ಟಿಕೊಪ್ಪದ ಕಡೆ ಈಗಲೂ ನಗುತ್ತಾರೆ. ನಗಲಿ. ಗದ್ದೆ ಅಂದರೆ ನಾಲ್ಕು ಬದುಗಳ ನಡುವಿನ ಜಾಗ ಅಂತ ತಿಳಿದವರು ನಗದೆ ಇನ್ನೇನು ಮಾಡುತ್ತಾರೆ? ದೊಡ್ಡಪ್ಪನಿಗೆ ಬಹುವಚನ ಕೊಡುವುದು ನಮ್ಮ ಮನೆಯ ಪದ್ಧತಿ. ಅದನ್ನು ಇಲ್ಲಿ ಕೊಡುವುದಿಲ್ಲ.

ನಮ್ಮಪ್ಪ ಲಿಂಗಪ್ಪ ತೀರಿಕೊಂಡದ್ದು ಯುದ್ಧದ ದೆಸೆಯಿಂದ ಸೀಮೆಎಣ್ಣೆ ಸಿಗದೆ ಊರೆಲ್ಲ ಹರಳೆಣ್ಣೆ ದೀಪಕ್ಕೆ ತಿರುಗಿದ ವರ್ಷ, ಮಾಘದಲ್ಲಿ. ಆಗ ಅಣ್ಣ ತಮ್ಮಂದಿರದು ಒಂದೇ ಮನೆ, ಒಂದೇ ಒಲೆ. ಕಾರ್ಯವೆಲ್ಲ ಮುಗಿದ ಮೇಲೆ ದೊಡ್ಡಪ್ಪ ಬಾಗಿಲ ಬಳಿ ನಿಂತು ಅವ್ವನಿಗೆ ಹೇಳಿದ: "ತವರಿಗೆ ಹೋಗಿ ಇದ್ದು ಬಾರಮ್ಮ ಶಂಕರಮ್ಮ. ಮನಸ್ಸು ಸಮಾಧಾನ ಆಗ್ಲಿ. ಮಕ್ಕಳನ್ನೂ ಕರ್ಕೊಂಡು ಹೋಗು. ಇಲ್ಲಿನ ಕೆಲಸ ನಾನು ನೋಡ್ಕೊತೀನಿ."

ಅವ್ವ ಬಾಗಿಲ ಹಿಂದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ನಮ್ಮ ಕಡೆ ತಿರುಗಿ, "ಭಾವ ದೇವರಂಥವರು" ಅಂದಳು. ಅವ್ವ, ನಾನು, ತಂಗಿ ಸರ್ವಮಂಗಳಾ, ಮೂವರೂ ಬೇಸಿಗೆಯೆಲ್ಲ ಹಿರೇಕೊಡಿಗೆಯಲ್ಲಿ ಕಳೆದೆವು. ಇಲ್ಲಿನ ಕೆಲಸವನ್ನು ಅವನು ನೋಡಿಕೊಂಡ. ಚೆನ್ನಾಗಿಯೇ ನೋಡಿಕೊಂಡ.

ನಾವು ತಿರುಗಿ ಬಂದಾಗ ಮಳೆ ಹಿಡಿದಾಗಿತ್ತು. ಆಷಾಢದಲ್ಲಿ ಪಾಲಿನ ಮಾತು ತೆಗೆದ. "ನಾಳೆ ನಾನೂ ಸತ್ತರೆ ಮಕ್ಕಳು ಕಿತ್ತಾಡೋದು ಬೇಡ" ಅಂದ. ಪಟೇಲ ಮರುಳಸಿದ್ದಪ್ಪನವರನ್ನು ಕರೆಸಿದ. ನಮ್ಮ ಕಡೆ ಪಾಲಿನ ನೇಮ ಹೀಗೆ: ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಬೇಕು. ಆರಿಸುವವನು ಬೇರೆಯವನಾದ್ದರಿಂದ ಪಾಲು ಮಾಡುವವನು ಮೋಸ ಮಾಡಲಾರ ಅಂತ ಹಿರಿಯರ ಲೆಕ್ಕ. ಹಿರಿಯರಿಗೆ ನಮ್ಮ ದೊಡ್ಡಪ್ಪ ಗೊತ್ತಿರಲಿಲ್ಲ.

ಅವನು ಮಾಡಿದ ಪಾಲು ಎರಡು. ಒಂದರಲ್ಲಿ ಹಾಲ್ಗದ್ದೆ. ಇನ್ನೊಂದರಲ್ಲಿ ಮೇಲಿನ ಮಕ್ಕಿ ಗದ್ದೆ, ಚೂರು ತೋಟ, ಗೊಬ್ಬರದ ಸೊಪ್ಪು ಕಡಿಯಲು ತೋಟಕ್ಕೆ ಸೇರಿದ ಸೊಪ್ಪಿನಬೆಟ್ಟ. ಮಕ್ಕಿ ಅಂದರೆ ಮಳೆ ನಿಂತ ಮಾರನೇ ದಿನ ಒಣಗುವ ಜಾಗ. ಅಲ್ಲಿ ಬೆಳೆಯುವುದು ಕೂಳಿಗಿಂತ ಹುಲ್ಲೇ ಜಾಸ್ತಿ. ಹಾಲ್ಗದ್ದೆಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮ ಮುತ್ತಜ್ಜನ ಕಾಲದಿಂದ ಕೊಟ್ಟಿಗೆಯ ಗೊಬ್ಬರ, ಬೆಟ್ಟದ ಸೊಪ್ಪು, ಒಲೆಯ ಬೂದಿ, ಎಲ್ಲ ಹೋಗಿ ಬಿದ್ದದ್ದು ಅಲ್ಲಿಗೆ. ಅಲ್ಲಿನ ಮಣ್ಣನ್ನು ಹಿಡಿ ಮಾಡಿದರೆ ಮುದ್ದೆಯಾಗುತ್ತಿತ್ತು, ಬಿಟ್ಟರೆ ಉದುರುತ್ತಿತ್ತು.

"ಆರಿಸಮ್ಮ," ಅಂದರು ಪಟೇಲರು.

ಎಲ್ಲರೂ ಕೊಡೆ ಹಿಡಿದು, ಕಂಬಳಿಕೊಪ್ಪೆ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದೆವು. ಗದ್ದೆ ತುಂಬ ನೀರು. ಆಕಾಶ ಬಿಟ್ಟು ಬೇರೇನೂ ಕಾಣದು. ನಾನು ಇಳಿದೆ. ನೀರು ಮೊಣಕಾಲಿಗೆ ಬಂತು.

"ಅವ್ವಾ, ನೋಡು ಹೇಗೆ ನೀರು ಹಿಡಿದಿದೆ! ಈ ವರ್ಷ ನಡು ಬಗ್ಗಿಸಿ ನೀರು ಕಟ್ಟೋ ಕೆಲಸವೇ ಇಲ್ಲ" ಅಂತ ಕೂಗಿದೆ. ನೀರು ನಿಂತ ಗದ್ದೆ ಕಂಡರೆ ಮಲೆನಾಡಿನವನ ಎದೆ ಉಬ್ಬುತ್ತದೆ. ಹಿಂದಿನ ವರ್ಷ ಇದೇ ಗದ್ದೆಯಲ್ಲಿ ನೀರು ಮೀನಖಂಡಕ್ಕೆ ಬರುತ್ತಿತ್ತು, ಈಗ ಯಾಕೆ ಮೊಣಕಾಲಿಗೆ ಬಂತು ಅಂತ ಅಲ್ಲಿದ್ದ ಒಬ್ಬರೂ ಕೇಳಲಿಲ್ಲ. ಬದು ಎತ್ತರವಾಗಿರಲಿಲ್ಲ. ನೆಲ ತಗ್ಗಿತ್ತು.

"ನಮಗೆ ಹಾಲ್ಗದ್ದೆಯೇ ಇರಲಿ," ಅಂದಳು ಅವ್ವ ಪಟೇಲರಿಗೆ.

ದೊಡ್ಡಪ್ಪ ದೊಡ್ಡದಾಗಿ ಉಸಿರುಬಿಟ್ಟ. "ಆಯ್ತಮ್ಮ. ತಮ್ಮನ ಮಕ್ಕಳು ಉಣ್ಣಲಿ. ನನಗೆ ಮಕ್ಕಿ ಸಾಕು." ಪಟೇಲರು ಅವನ ಬೆನ್ನು ತಟ್ಟಿದರು! ಆ ಬೆನ್ನನ್ನು!

ಮೊದಲು ಹೇಳಿದ್ದು ಬೆಳ್ಳಕ್ಕಿಗಳು. ನೇಗಿಲು ಕಟ್ಟಿದರೆ ಸಾಕು, ಎಲ್ಲಿಂದಲೋ ಹಾರಿ ಬಂದು ಎತ್ತಿನ ಹಿಂದೆಯೇ ನಡೆದು, ಮೇಲೆ ಬಂದ ಎರೆಹುಳ ಹೆಕ್ಕುವ ಹಕ್ಕಿಗಳು. ಪಾಲಾದ ಮೇಲೆ ನಾನು ಮೊದಲ ಸಲ ಹೂಡಿದ ದಿನ ಬಂದವು, ಒಂದು ಸುತ್ತು ಅಡ್ಡಾಡಿದವು, ಎದ್ದು ಮೇಲಿನ ಮಕ್ಕಿಗೆ ಹೋದವು. ಅಲ್ಲಿ ದೊಡ್ಡಪ್ಪನ ಆಳು ಪುಟ್ಟಯ್ಯ ಹೂಡುತ್ತಿದ್ದ. ಅವನ ಹಿಂದೆ ಬೆಳ್ಳಗೆ ಸಂತೆ ನೆರೆದಿತ್ತು.

"ಏನೋ ಪುಟ್ಟಯ್ಯ, ಹಕ್ಕಿಗೆ ಮದ್ದು ಹಾಕಿದೀಯಾ?" ಅಂತ ಕೂಗಿದೆ.

ಅವನು ನಗಲಿಲ್ಲ. ಎತ್ತನ್ನು ಬಾರುಕೋಲಿನಿಂದ ತಿವಿದು ಆಚೆ ತಿರುಗಿದ.

ಗಂಜಿ ತಂದಿದ್ದ ಸರ್ವಮಂಗಳಾ ನೇಗಿಲಸಾಲಿಗೆ ಕೈಹಾಕಿ ಒಂದು ಹೆಂಟೆ ಎತ್ತಿದಳು. ಮಾಸಲು ಬಿಳಿ, ಅಂಟಂಟು. "ಅಣ್ಣಾ, ಇದು ಗೋಡೆಗೆ ಬಳಿಯೋ ಶೇಡಿಮಣ್ಣಲ್ವಾ? ದೀಪಾವಳಿಗೆ ಇಲ್ಲಿಂದಲೇ ಒಯ್ದರಾಯ್ತು. ಗುಡ್ಡ ಹತ್ತೋದೇ ಬೇಡ."

ನಾನು ನೇಗಿಲು ಬಿಟ್ಟೆ. ಗದ್ದೆ ಪೂರ್ತಿ ಅಡ್ಡಾಡಿ ಕೈ ಇಳಿಸಿ ನೋಡಿದೆ. ಎರೆಹುಳವಿಲ್ಲ. ಏಡಿಯ ಬಿಲವಿಲ್ಲ. ಕೊಳೆತ ಎಲೆಗೆ ಹಬ್ಬುವ ಬಿಳಿ ನೂಲಿನಂಥ ಬೂಸ್ಟು, ನಾವು ಹುಡುಗರಾಗಿದ್ದಾಗ ಮಣ್ಣಿನ ಜೇಡರಬಲೆ ಅನ್ನುತ್ತಿದ್ದದ್ದು, ಅದೂ ಇಲ್ಲ. ಮೂಸಿದೆ. ಮಣ್ಣಿಗೆ ವಾಸನೆಯೇ ಇರಲಿಲ್ಲ. ಬೇಸಿಗೆಯಲ್ಲಿ ನಾವು ತವರಿನಲ್ಲಿ ಅಳುತ್ತ ಕೂತಿದ್ದಾಗ, ಹಾಲ್ಗದ್ದೆಯ ಮೇಲಿನ ಕರೀ ಮಣ್ಣನ್ನು ಚರ್ಮ ಸುಲಿದ ಹಾಗೆ ಸುಲಿದು ಗಾಡಿಯಲ್ಲಿ ಮಕ್ಕಿಗೆ ಏರಿಸಿದ್ದ ಪುಣ್ಯಾತ್ಮ. ನಾವು ಯಾವುದನ್ನು ಆರಿಸುತ್ತೇವೆ ಅಂತ ಅವನಿಗೆ ಗೊತ್ತಿತ್ತು. ಹೆಸರನ್ನು ನಮಗೆ ಬಿಟ್ಟು ಹಾಲನ್ನು ಅವನು ಒಯ್ದಿದ್ದ.

"ಕೂಗಾಡಬೇಡ ಗುರುಶಾಂತ," ಅಂದಳು ಅವ್ವ. "ಮನೆ ಮಾತು ಬೀದಿಗೆ ಬೇಡ. ಒಂದು ಬೆಳೆ ನೋಡೋಣ. ಮಣ್ಣು ತಾಯಿ, ಕೈಬಿಡಲ್ಲ."

ತಾಯಿಯನ್ನೇ ಹೊತ್ತುಕೊಂಡು ಹೋದವನ ಮನೆ ಮಾತನ್ನು ನಾವು ಮುಚ್ಚಿಡಬೇಕಂತೆ!

ನೆಟ್ಟೆವು. ಸಸಿ ಸಾಯಲೂ ಇಲ್ಲ, ಬೆಳೆಯಲೂ ಇಲ್ಲ. ಭಾದ್ರಪದಕ್ಕೆ ಅರಿಸಿನ ಬಳಿದ ಹಾಗೆ ಹಳದಿಯಾಯಿತು. ಒಂದನ್ನು ಕಿತ್ತು ನೋಡಿದರೆ ಬೇರು ಕಂದು ತಿರುಗಿ, ಇಳಿಯಲು ದಾರಿ ಕಾಣದೆ ಮೇಲೆಯೇ ಸುತ್ತಿಕೊಂಡಿತ್ತು. ಮಕ್ಕಿಯಲ್ಲಿ, ಎಂದೂ ಬೆಳೆಯದ ಮಕ್ಕಿಯಲ್ಲಿ, ಭತ್ತ ಸೊಂಟಕ್ಕೆ ಬಂದಿತ್ತು. ದಾರಿಹೋಕರು ನಿಂತು, "ಷಡಕ್ಷರಿಯ ಕೈಗುಣ ನೋಡ್ರಪ್ಪಾ" ಅನ್ನುತ್ತಿದ್ದರು. ಸುಗ್ಗಿಯಲ್ಲಿ ನಾವು ತೂರಿದ್ದು ಜೊಳ್ಳು. ಗಾಳಿ ನಮ್ಮ ಕಣದಿಂದ ಅರ್ಧಕ್ಕರ್ಧ ಬೆಳೆಯನ್ನು ಹಾರಿಸಿಕೊಂಡು ಹೋಯಿತು.

ಇನ್ನು ಬೀದಿಯಾದರೂ ಸರಿ ಅಂತ ನಾನು ಪಟೇಲರನ್ನು ಕರೆದುಕೊಂಡು ಬಂದೆ. ದೊಡ್ಡಪ್ಪನೂ ಬಂದ, ಪುಟ್ಟಯ್ಯನನ್ನು ಹಿಂದಿಟ್ಟುಕೊಂಡು. ಗದ್ದೆ ಒಣಗಿ ಮಡಕೆಚೂರಿನ ಹಾಗೆ ಬಿರಿದಿತ್ತು.

"ಎಂತ ಮಾರಾಯ ನಿನ್ನ ದೂರು? ಗದ್ದೆ ಇಲ್ಲೇ ಇದೆಯಲ್ಲ," ಅಂದರು ಪಟೇಲರು.

"ಗದ್ದೆ ಇಲ್ಲ ಪಟೇಲ್ರೆ. ಗದ್ದೆಯ ಗುಂಡಿ ಇದೆ."

ದೊಡ್ಡಪ್ಪ ನಕ್ಕ. "ನಾಲ್ಕನೇ ಕ್ಲಾಸು ದಾಟದವನು ಮಣ್ಣಿನ ಶಾಸ್ತ್ರ ಹೇಳೋಕೆ ಬಂದ. ಗೇಯೋಕೆ ಬರಲ್ಲ ಅನ್ನೋ, ಮುಗೀತು. ಬೆಳೆ ಬರದಿದ್ರೆ ಮಣ್ಣಿನ ಮೇಲೆ ಹಾಕೋದು ಸೋಮಾರಿಗಳ ಚಾಳಿ."

ಆ ನಾಲ್ಕನೇ ಕ್ಲಾಸು ಬಿಡಿಸಿ ನನ್ನ ಕೈಗೆ ನೇಗಿಲು ಕೊಟ್ಟವನು ಅವನೇ. ನಾನು ಗುದ್ದಲಿ ತೆಗೆದುಕೊಂಡು ಬದುವಿನ ಬುಡವನ್ನು ಕೆತ್ತಿದೆ. ಮೇಲಿನ ಹುಲ್ಲು ಕಳಚಿ ಬಿತ್ತು, ಬದುವಿನ ಹೊಟ್ಟೆ ಕಾಣಿಸಿತು. ಬದುವಿನ ಅಡಿಯಲ್ಲಿ ಗೇಣುದ್ದ ಕರೀ ಮಣ್ಣು, ಅದರ ಕೆಳಗೆ ಬಿಳೀ ಶೇಡಿ. ಗದ್ದೆಯ ನೆಲ ಇದ್ದದ್ದು ಆ ಶೇಡಿಯ ಮಟ್ಟದಲ್ಲಿ. ಬದುವನ್ನು ಕಡಿದರೆ ಗುಟ್ಟು ರಟ್ಟಾಗುತ್ತದೆ ಅಂತ ಅದರ ಕೆಳಗಿನದನ್ನು ಮಾತ್ರ ಬಿಟ್ಟಿದ್ದ. ಕರೀ ಮಣ್ಣಿನಲ್ಲಿ ಒಂದು ಎರೆಹುಳ ಅರ್ಧ ಹೊರಬಂದು ಬಿಸಿಲಿಗೆ ಒದ್ದಾಡಿತು.

"ಇದು ಹಾಲ್ಗದ್ದೆ," ಅಂದೆ. "ಮಿಕ್ಕದ್ದು ಎಲ್ಲಿದೆ ಅಂತ ಮೇಲೆ ಹತ್ತಿ ಮಕ್ಕಿಯಲ್ಲಿ ನೋಡಿ. ಪುಟ್ಟಯ್ಯನನ್ನೇ ಕೇಳಿ."

"ಮಣ್ಣು ಹೊಡೆದದ್ದು ಹೌದು," ಅಂದ ಪುಟ್ಟಯ್ಯ, ತನ್ನ ಕಾಲಿನ ಹೆಬ್ಬೆರಳು ನೋಡುತ್ತ. "ಯಜಮಾನ್ರು ಹೇಳಿದ ಕಡೆಯಿಂದ, ಹೇಳಿದ ಕಡೆಗೆ."

ಪಟೇಲರು ಕೂತು ನೋಡಿದರು. ಬೆರಳಿಟ್ಟು ನೋಡಿದರು. ಅವರು ಕುರುಡರಲ್ಲ, ಅದೇ ನನ್ನ ಸಿಟ್ಟು. "ಹೌದು ಷಡಕ್ಷರಿ, ತೆಗೆದಿದೀಯ," ಅಂದರು.

"ತೆಗೆದೆ. ಯಾವಾಗ ತೆಗೆದೆ? ಪಾಲಿಗೆ ಮುಂಚೆ. ಆಗ ಮನೆ ಒಂದೇ. ಈ ಜೇಬಿಂದು ಆ ಜೇಬಿಗೆ ಹಾಕ್ಕೊಂಡ್ರೆ ಕಳ್ಳತನವೇ ಪಟೇಲ್ರೆ? ಆಮೇಲೆ ಆರಿಸಿದವರು ಅವರು. ನಾನೇನು ಕೈ ಹಿಡಿದು ಆರಿಸಿದ್ನಾ?"

ಪಟೇಲರು ಎದ್ದು ಮಂಡಿ ಕೊಡವಿಕೊಂಡರು. "ಅದೂ ಮಾತೇ. ಪಾಲು ಆಗಿಹೋಗಿದೆ, ಅಳತೆ ಸರಿ ಇದೆ. ಬಿಡು ಮಾರಾಯ ಗುರುಶಾಂತ, ಮಣ್ಣು ಮಣ್ಣೇ. ನಾಲ್ಕು ವರ್ಷ ಚೆನ್ನಾಗಿ ಸೊಪ್ಪು ಗೊಬ್ಬರ ಹಾಕು, ತಾನಾಗಿ ಆಗುತ್ತೆ."

ಮಣ್ಣು ಮಣ್ಣೇ! ನಾನು ಗುದ್ದಲಿ ಎಸೆದೆ. "ಹಾಗಾದ್ರೆ ನಿಮ್ಮ ಗದ್ದೆಗೆ ಶೇಡಿ ಹೊಡೆಸಿ ಪಟೇಲ್ರೆ, ನಾನೇ ಗಾಡಿ ಹೂಡ್ತೀನಿ! ಇದು ಮಡಕೆ ಮಾಡೋ ಮಣ್ಣಲ್ಲ. ಇದರಲ್ಲಿ ಜೀವ ಇತ್ತು. ನಮ್ಮ ಮುತ್ತಜ್ಜ ಹಾಕಿದ ಸೊಪ್ಪನ್ನು ಹುಳ ತಿಂದು, ಬೂಸ್ಟು ತಿಂದು, ಇಷ್ಟಿಷ್ಟೇ ಮಣ್ಣಾಗಿ, ನಮ್ಮಪ್ಪನ ಕಾಲಕ್ಕೆ ಗೇಣುದ್ದ ಆಗಿತ್ತು. ನೀವು ನಾಲ್ಕು ವರ್ಷ ಅಂತೀರಲ್ಲ, ಆ ನಾಲ್ಕು ವರ್ಷ ನನ್ನ ತಂಗಿ ಏನು ತಿನ್ನಬೇಕು? ಶೇಡಿ ತಿನ್ನಬೇಕಾ?"

"ಬಾಯಿ ಜಾಸ್ತಿ ಆಯ್ತು," ಅಂದರು ಪಟೇಲರು.

"ಆಗ್ಲಿ. ಸೊಪ್ಪು ಹಾಕು ಅಂದ್ರಲ್ಲ, ಸೊಪ್ಪು ಎಲ್ಲಿಂದ ತರ್ಲಿ? ಬೆಟ್ಟ ಯಾರ ಪಾಲಿಗೆ ಹೋಗಿದೆ?"

ಪಟೇಲರು ದೊಡ್ಡಪ್ಪನ ಮುಖ ನೋಡಿದರು. ದೊಡ್ಡಪ್ಪ ಗುಡ್ಡದ ಕಡೆ ನೋಡಿದ. "ಸೊಪ್ಪಿನಬೆಟ್ಟ ತೋಟಕ್ಕೆ ಸೇರಿದ್ದು. ಸರ್ಕಾರದ ಕಾನೂನು. ಗದ್ದೆಯವರು ಒಂದು ಕೊಂಬೆ ಮುರಿದ್ರೂ ಕೊಪ್ಪಕ್ಕೆ ಹೋಗಿ ಅಮಲ್ದಾರರಿಗೆ ಅರ್ಜಿ ಕೊಡ್ತೀನಿ."

"ನೀವು ನೀವೇ ನೋಡ್ಕೊಳ್ಳಿ," ಅಂತ ಪಟೇಲರು ಕೊಡೆ ಕಂಕುಳಿಗೆ ಸಿಕ್ಕಿಸಿ ಹೊರಟೇಬಿಟ್ಟರು. ಹೊಟ್ಟೆಗೆ ಔಷಧಿ ಹೇಳಿ, ಔಷಧಿಯ ಗಿಡಕ್ಕೆ ಬೇಲಿ ಹಾಕಿದವನ ಜೊತೆಯೇ ಮಾತಾಡುತ್ತ ಹೋದರು.

ಮಾರನೇ ಬೆಳಿಗ್ಗೆ ಕತ್ತಿ ಹಿಡಿದು ಸೊಪ್ಪಿನಬೆಟ್ಟಕ್ಕೆ ಹೋದೆ. ಕದ್ದು ಹೋಗಲಿಲ್ಲ. ದೊಡ್ಡಪ್ಪನ ಅಂಗಳದ ಮುಂದೆಯೇ ಹೋದೆ, ಕೆಮ್ಮಿಕೊಂಡು. ಎರಡು ಹೊರೆಗಾಗುವಷ್ಟು ಕಡಿಯುವಷ್ಟರಲ್ಲಿ ಅವನು ಏದುಸಿರು ಬಿಡುತ್ತ ಬಂದ, ಹಿಂದೆ ಪುಟ್ಟಯ್ಯ.

"ಇಳಿಯೋ ಮರದಿಂದ! ಕಳ್ಳ!"

"ಯಾರು?" ಅಂದೆ ಮೇಲಿನಿಂದ. "ಇನ್ನೊಂದು ಸಲ ಹೇಳಿ, ಯಾರು?"

ಕತ್ತಿ ನನ್ನ ಕೈಯಲ್ಲಿತ್ತು. ಇಳಿದೆ. ಅವತ್ತು ಏನಾಗಿಬಿಡುತ್ತಿತ್ತೋ. ಅಷ್ಟರಲ್ಲಿ ಲಂಟಾನದ ಪೊದೆ ಸರಿಸಿಕೊಂಡು ಅವ್ವ ಬಂದಳು. ಕೈಯಲ್ಲಿ ಕುಡುಗೋಲು, ಹೆಗಲ ಮೇಲೆ ಹಗ್ಗ. ಭಾವನ ಎದುರು ನಿಂತು ಅವ್ವ ಎಂದೂ ನೇರವಾಗಿ ಮಾತಾಡಿದವಳಲ್ಲ. ಏನಿದ್ದರೂ ಬಾಗಿಲ ಹಿಂದಿನಿಂದ, ಅದೂ ಸರ್ವಮಂಗಳೆಯ ಬಾಯಲ್ಲಿ ಹೇಳಿಸುವಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು, ನನ್ನನ್ನು ದಾಟಿ ಹೋಗಿ ಒಂದು ಗಿಡದ ಕೊಂಬೆ ಬಗ್ಗಿಸಿ ಕೊಯ್ಯತೊಡಗಿದಳು.

"ಶಂಕರಮ್ಮ, ಇದು ನನ್ನ ಪಾಲು," ಅಂದ ದೊಡ್ಡಪ್ಪ.

"ಹೌದು ಭಾವ." ಕೊಯ್ಯುವುದು ನಿಲ್ಲಲಿಲ್ಲ. "ಮಣ್ಣು ಹೊಡೆಸುವಾಗ ಮನೆ ಒಂದೇ ಇತ್ತಂತೆ. ನಿನ್ನೆ ನೀವೇ ಅಂದ್ರಂತೆ. ಸೊಪ್ಪು ಒಯ್ಯುವಾಗಲೂ ಒಂದೇ ಅಂತ ಇಟ್ಕೊಳ್ಳಿ."

"ಅರ್ಜಿ ಕೊಡ್ತೀನಿ!"

"ಕೊಡಿ. ಅಮಲ್ದಾರರು ನನ್ನನ್ನೂ ಕರೆಸ್ತಾರಲ್ಲ. ಶೇಡಿ ಹೆಂಟೆ ಒಂದನ್ನ ಮಡಿಲಲ್ಲಿ ಕಟ್ಕೊಂಡು ಬರ್ತೀನಿ. ತಮ್ಮ ಸತ್ತ ಬೇಸಿಗೆಯಲ್ಲಿ ನೀವು ಏನು ನೋಡ್ಕೊಂಡ್ರಿ ಅಂತ ಅಲ್ಲಿ ಹೇಳ್ತೀನಿ. ಊರಲ್ಲಿ ಕೇಳೋರು ಸಿಗಲಿಲ್ಲ, ಅಲ್ಲಿ ಗುಮಾಸ್ತರಾದ್ರೂ ಬಿಡುವಾಗಿರ್ತಾರೆ."

ದೊಡ್ಡಪ್ಪನ ಮುಖ ಕೆಂಪಾಯಿತು. "ಪುಟ್ಟಯ್ಯ, ಆ ಹೊರೆ ಕಿತ್ತುಕೋ!"

ಅವ್ವ ಹಗ್ಗ ಬಿಗಿದು ಹೊರೆಯನ್ನು ಎತ್ತಿ ನಿಲ್ಲಿಸಿದ್ದಳು. ಒಬ್ಬಳೇ ತಲೆಗೇರಿಸಿಕೊಳ್ಳಲು ಆಗದ ಹೊರೆ. ಪುಟ್ಟಯ್ಯ ಮುಂದೆ ಬಂದ. ನಾನು ಕತ್ತಿಯನ್ನು ಬಿಗಿಯಾಗಿ ಹಿಡಿದೆ. ಅವನು ಹೊರೆಯ ಒಂದು ಕೊನೆಗೆ ಕೈ ಕೊಟ್ಟ, "ಹೂಂ, ತಲೆ ಕೊಡಿ ಅವ್ವಾರೆ" ಅಂದ, ಎತ್ತಿ ಹೊರಿಸಿದ.

"ಅನ್ನ ತಿನ್ನೋದು ಯಾರ ಮನೇದೋ?" ದೊಡ್ಡಪ್ಪ ಕಿರುಚಿದ.

"ನಿಮ್ಮದೇ ಯಜಮಾನ್ರೆ," ಅಂದ ಪುಟ್ಟಯ್ಯ. "ಹೊರೆ ಹೊರಿಸು ಅಂತ ಹೆಂಗಸು ನಿಂತರೆ ಹೊರಿಸದೆ ಇರೋಕೆ ನಂಗೆ ಬರಲ್ಲ. ಬೈರಿ ಬೇಕಾದ್ರೆ."

ನನಗೆ ಅದರಿಂದ ಖುಷಿಯಾಗಲಿಲ್ಲ. ಇವನು ನಿನ್ನೆ ಬದುವಿನ ಮೇಲೆ ಇಷ್ಟೇ ನೇರವಾಗಿ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಇಳಿಜಾರಿನಲ್ಲಿ ಅವ್ವನ ಹಿಂದೆ ನನ್ನ ಹೊರೆ ಹೊತ್ತು ನಡೆದೆ. ಸೊಪ್ಪಿನ ಹಾಲು ಕುತ್ತಿಗೆಗೆ ಇಳಿದು ಉರಿಯುತ್ತಿತ್ತು.

"ನನಗೆ ಸೊಪ್ಪು ಬೇಡ," ಅಂದೆ. "ನಮ್ಮ ಮಣ್ಣು ಬೇಕು."

"ಅದನ್ನ ಅವನು ಕೊಡಲ್ಲ ಕಣೋ."

"ಕೊಡಲ್ಲ ಅಂತ ಬಿಟ್ಟುಬಿಡೋದಾ?"

"ಬಿಡು ಅಂದ್ನಾ ನಾನು?" ಅವ್ವ ಹೊರೆಯ ಕೆಳಗಿನಿಂದಲೇ ಗದರಿದಳು. "ಕೊಟ್ಟಿಗೆಗೆ ಹಾಕು, ದನ ತುಳಿದು ಗೊಬ್ಬರ ಆಗ್ಲಿ. ನಾಳೆ ಇನ್ನೂ ಬೇಗ ಬರಬೇಕು. ಆ ಮೊಂಡ ಕತ್ತಿ ಮಸೆದಿಡು."