ಸಣ್ಣ ಕೋಣೆಯ ಅಳತೆ

ಮನೆಯಲ್ಲಿ ಒಂದು ಮಲಗುವ ಕೋಣೆ ಹೆಚ್ಚಿದೆಯೆಂದು ಹೊಸ ಕಾನೂನು ಐಲೀನಳ ಬಾಡಿಗೆ ನೆರವನ್ನು ಕತ್ತರಿಸಿತ್ತು. ಕಡಿತವಾದ ಹಣವನ್ನು ಕೈಯಿಂದ ತುಂಬಲಾಗದಿದ್ದರೆ ಇಂಗ್ಲೆಂಡಿನ ಹಲ್ ನಗರದ ಈ ಸರ್ಕಾರಿ ಮನೆಯನ್ನೇ ಬಿಡಬೇಕು. ಅಂದಿನಿಂದ ಅವಳಿಗೆ ಎಲ್ಲರ ಮೇಲೂ ಅನುಮಾನ. ಚಹಾಕ್ಕೆ ಬಂದ ಪಕ್ಕದ ಮನೆಯ ಮಾವಿಸ್, ಶೌಚಕ್ಕೆಂದು ಮಹಡಿ ಹತ್ತಿದವಳು, ಬೇಗ ಇಳಿಯಲಿಲ್ಲ. ಹೆಚ್ಚಿನದೆಂದು ಎಣಿಸಿದ್ದ ಆ ಸಣ್ಣ ಕೋಣೆಯಲ್ಲಿ ಹೆಜ್ಜೆ ಸಪ್ಪಳ ಕೇಳಿಸಿತು. ಮಾವಿಸಳ ಮಗಳು ಮಕ್ಕಳನ್ನು ಕಟ್ಟಿಕೊಂಡು ಮನೆಗಾಗಿ ಕಾಯುತ್ತಿರುವುದು ಬೀದಿಗೆಲ್ಲ ಗೊತ್ತು.

ಐಲೀನ್ ಮೆಲ್ಲಗೆ ಮೇಲೆ ಹೋದಳು. ಮಾವಿಸ್ ಮಂಡಿಯೂರಿ ಟೇಪಿನಿಂದ ನೆಲ ಅಳೆಯುತ್ತಿದ್ದಳು.

"ನಿನ್ನ ಮಗಳ ಮಂಚ ಹಿಡಿಸುತ್ತಾ ಅಂತ ನೋಡ್ತಿದ್ದೀಯೇನೇ?"

"ಥೂ, ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಇಲ್ಲಿ ಬೆಕ್ಕು ಮಲಗಿದ್ರೂ ಬಾಲ ಹೊರಗಿರುತ್ತೆ. ಇದು ಮಲಗೋ ಕೋಣೆನೇ ಅಲ್ಲ ಅಂತ ಅಳತೆ ತೋರಿಸಿ ಮೇಲ್ಮನವಿ ಹಾಕು. ಮೂಲೆಮನೆ ಡೆನ್ಜಿಲ್ ಹಾಗೇ ಗೆದ್ದ."

"ಮತ್ತೆ ಕದ್ದು ಯಾಕೆ ಅಳೀತಿದ್ದೆ?"

"ಕೇಳಿದ್ರೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು. ಆದರೂ ಐಲೀನಳಿಗೆ ನಂಬಿಕೆ ಬರಲಿಲ್ಲ. ಅವಳು ಟೇಪನ್ನು ಕಸಿದುಕೊಂಡು, ಅದರ ತುದಿಯನ್ನಷ್ಟೇ ಮಾವಿಸಳ ಕೈಗೆ ಕೊಟ್ಟಳು.

"ಗೋಡೆಗೆ ಒತ್ತಿ ಹಿಡಿ. ಅಳತೆ ನಾನು ಓದ್ತೀನಿ."