ಸೊನ್ನೆ ಬಿಲ್ಲಿನ ತಿಂಗಳು

ಕಸ್ತೂರಿ ಒದ್ದೆ ಬೆಡ್‌ಶೀಟಿನ ಒಂದು ತುದಿಯನ್ನು ಮೊಳಕಾಲುಗಳ ನಡುವೆ ಸಿಕ್ಕಿಸಿಕೊಂಡು, ಇನ್ನೊಂದು ತುದಿಯನ್ನು ಎರಡೂ ಕೈಯಿಂದ ತಿರುಚಿ ಹಿಂಡುತ್ತಿದ್ದಳು. ಆಮೇಲೆ ಅದನ್ನು ನನ್ನ ಹೊಟ್ಟೆಯೊಳಗೆ ತುರುಕಿ, ಸದ್ದಾಗದಂತೆ ಬಾಗಿಲನ್ನು ಸೊಂಟದಿಂದ ಒತ್ತಿ ಮುಚ್ಚುತ್ತಿದ್ದಳು. ಧಾರವಾಡದ ಆ ಸಣ್ಣ ಮನೆಯಲ್ಲಿ ನನ್ನ ದಿನ ಹೀಗೆ ಶುರುವಾಗುತ್ತಿತ್ತು.

ನಾನು ಬಟ್ಟೆ ಒಣಗಿಸುವ ಒಂದು ಯಂತ್ರ. ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ತಗಡನ್ನು ಬಗ್ಗಿಸಿ ನನಗೆ ಡ್ರಮ್ಮು ಮಾಡಿದರು, ಹಿಂದೆ ಕಾಯುವ ಸುರುಳಿ ಇಟ್ಟರು. ಬಾಗಿಲ ಬುಡದಲ್ಲಿ ಒಂದು ಸಣ್ಣ ಜಾಲರಿ ಸಿಕ್ಕಿಸಿದರು. ಬಟ್ಟೆಯಿಂದ ಉದುರುವ ಹತ್ತಿಯಂಥ ಧೂಳು ಅದರಲ್ಲಿ ಸೇರುತ್ತದೆ. ಪ್ರತಿ ಸಲವೂ ಅದನ್ನು ತೆಗೆದು ಒರೆಸಬೇಕು. ಇಲ್ಲದಿದ್ದರೆ ಗಾಳಿ ಆಡುವುದಿಲ್ಲ, ಒಂದು ತಾಸಿನ ಕೆಲಸಕ್ಕೆ ನನಗೆ ಎರಡು ತಾಸು ಬೇಕಾಗುತ್ತದೆ.

ಮೊದಲು ನಾನು ಬೆಳಗಾವಿಯಲ್ಲಿ ಕಮಲಾಕ್ಷಿ ಎಂಬ ಡಾಕ್ಟರ ಮನೆಯಲ್ಲಿದ್ದೆ. ಆರು ಮಳೆಗಾಲ ಅಲ್ಲಿ ತಿರುಗಿದೆ. ನಾನು ಎಷ್ಟು ಕರೆಂಟು ತಿನ್ನುತ್ತೇನೆಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಅವರು ಚಿಕ್ಕ ಮನೆಗೆ ಹೋಗುವಾಗ ನನ್ನನ್ನು ಹಳೇ ಸಾಮಾನಿನ ಅಂಗಡಿಗೆ ಕೊಟ್ಟರು. ಬೀಜದ ಅಂಗಡಿಯಲ್ಲಿ ಕೆಲಸ ಮಾಡುವ ಚನಬಸು ಅಲ್ಲಿ ನನ್ನನ್ನು ಕಂಡ. ಜೋಳದ ಚೀಲಗಳ ನಡುವೆ ಕೂರಿಸಿ ಧಾರವಾಡಕ್ಕೆ ತಂದ. ಬಳಸುವ ಬಗೆ ತಿಳಿಸುವ ಪುಸ್ತಕ ನನ್ನ ಜೊತೆ ಬರಲಿಲ್ಲ.

ಅವನು ನನ್ನನ್ನು ತಂದದ್ದು ತಾಯಿಗಾಗಿ. ನೀಲವ್ವ ಆ ಬೇಸಿಗೆಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಎದ್ದು ಹೋಗಲಾಗದೆ ಎಲ್ಲವೂ ಹಾಸಿಗೆಯಲ್ಲೇ. ಮಳೆಗಾಲ ಬಂತು, ಹೊರಗೆ ಬಿಡದ ಜಿಟಿಜಿಟಿ ಮಳೆ. ಹಸಿ ಹಾಸಿಗೆಯಿಂದ ಅವಳ ಬೆನ್ನು ಹುಣ್ಣಾಗತೊಡಗಿತ್ತು. ಸೊಸೆ ಕಸ್ತೂರಿ ಬೆಡ್‌ಶೀಟುಗಳನ್ನು ಅಡಿಗೆಮನೆಯಲ್ಲಿ ಹರವಿ, ಒಲೆಯ ಬಿಸಿಗೆ ಹಿಡಿದು ಸಾಕಾಗಿದ್ದಳು.

ನಾನು ಒಣಗಿಸಿದ ಮೊದಲ ಬೆಡ್‌ಶೀಟು ಹಾಸಿದಾಗ ನೀಲವ್ವ ನಕ್ಕಳು.

"ಏನವಾ ಇದು, ಬಿಸಿ ರೊಟ್ಟಿ ಮ್ಯಾಲ ಮಲಗಿದಂಗ ಆಗಾಕತ್ತೇತಿ!"

ಅಷ್ಟು ಒಳ್ಳೆಯ ಮಾತನ್ನು ನನ್ನ ಬಗ್ಗೆ ಯಾರೂ ಆಡಿರಲಿಲ್ಲ.

ಆದರೆ ಜಾಲರಿಯ ವಿಷಯ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳಲು ನನಗೆ ಬಾಯಿಲ್ಲ. ಧೂಳು ಕಂಬಳಿಯ ಹಾಗೆ ದಪ್ಪವಾಯಿತು. ನಾನು ಉಸಿರು ಕಟ್ಟಿಕೊಂಡು ತಿರುಗಿದೆ, ಎರಡು ಪಟ್ಟು ಕರೆಂಟು ತಿಂದೆ.

ಆ ಮನೆಗೆ ಸರ್ಕಾರದ ಉಚಿತ ವಿದ್ಯುತ್ತು ಇತ್ತು. ಅದುವರೆಗೆ ತಿಂಗಳ ಬಿಲ್ಲಿನಲ್ಲಿ ಸೊನ್ನೆಯೇ ಬರುತ್ತಿತ್ತು. ಆ ತಿಂಗಳು ಮೀಟರ್ ನೋಡುವವನು ಚೀಟಿ ಹರಿದು ಕೊಡುತ್ತ, "ಅಕ್ಕಾರ, ಈ ಸಲ ಸೊನ್ನಿ ಇಲ್ರೀ. ಇನ್ನೂರು ಯೂನಿಟ್ ದಾಟೇತಿ, ಪೂರ್ತಿ ತುಂಬಬೇಕ್ರಿ" ಅಂದ. ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿ.

ಚನಬಸು ಚೀಟಿ ಹಿಡಿದು ನನ್ನ ಮುಂದೆ ನಿಂತ.

"ಮನಿ ಅಳಿಯನ್ನ ತಂದು ಇಟ್ಕೊಂಡಂಗ ಆತಲ್ಲ! ಕುಂತಲ್ಲೇ ಉಣ್ತಾನ, ಎದ್ದು ಹೋಗಂಗಿಲ್ಲ."

"ಸಾವಕಾಶ ಮಾತಾಡ್ರೀ, ಅತ್ತಿಯವರಿಗೆ ಕೇಳತೈತಿ" ಅಂದಳು ಕಸ್ತೂರಿ.

"ಕೇಳಲಿ ಬಿಡು. ದಿನಾ ನಾಕ್ನಾಕು ಬೆಡ್‌ಶೀಟ್ ಅಂದ್ರ ಎಲ್ಲಿಂದ ತರೂದು?"

ನನಗೂ ನೀಲವ್ವನಿಗೂ ನಡುವೆ ಒಂದು ಪರದೆ ಮಾತ್ರ ಇತ್ತು. ಅದು ಒಂದು ಬದಿಗೆ ಪೂರ್ತಿ ಮುಚ್ಚುತ್ತಿರಲಿಲ್ಲ. ಅವಳ ಮುಖ, ಮಂಚದ ಅಂಚು, ಪಕ್ಕದ ಕಿಟಕಿ ನನಗೆ ಕಾಣುತ್ತಿದ್ದವು. ಮರುದಿನ ಕಸ್ತೂರಿ ನೀರಿನ ಲೋಟ ಇಟ್ಟು ಹೋದಳು. ನೀಲವ್ವ ಒಂದು ಗುಟುಕು ಕುಡಿದು ಉಳಿದದ್ದನ್ನು ಕಿಟಕಿಯ ಆಚೆ ಸುರಿದಳು. ಖಾಲಿ ಲೋಟವನ್ನು ತುಟಿಗೆ ಒತ್ತಿ ಕೆಳಗಿಟ್ಟಳು. ಚಹಾವನ್ನೂ ಹಾಗೇ ಮಾಡಿದಳು. ಹೊರಗೆ ಮಳೆ, ಸುರಿದ ನೀರು ಯಾರಿಗೂ ಕಾಣಲಿಲ್ಲ.

ನಾಲ್ಕು ಬೆಡ್‌ಶೀಟು ಎರಡಾಯಿತು, ಎರಡು ಒಂದಾಯಿತು. ಕಸ್ತೂರಿ ಗಂಡನಿಗೆ, "ಅತ್ತಿ ಆರಾಮ ಆಗಾಕತ್ತಾರ್ರೀ. ಈಗ ತಡಕೊಳ್ಳಾಕ ಬರಾಕತ್ತೇತಿ" ಅಂದಳು. ಅವಳು ಸುಳ್ಳು ಹೇಳಲಿಲ್ಲ, ಹಾಗೇ ನಂಬಿದಳು. ಮಳೆಯೂ ಹಿಂದಾಯಿತು. ನನ್ನ ಪ್ಲಗ್ಗು ಕಿತ್ತರು. ಮುಂದಿನ ಬಿಲ್ಲಿನಲ್ಲಿ ಸೊನ್ನೆ ಬಂತು. ಚನಬಸು ಕಾಲು ಕೇಜಿ ಪೇಢೆ ತಂದು ಮೊದಲು ತಾಯಿಯ ಬಾಯಿಗೆ ಇಟ್ಟ. ಅವಳಿಗೆ ನುಂಗಲಾಗಲಿಲ್ಲ. ಬಾಯಲ್ಲಿ ಪಸೆಯೇ ಇರಲಿಲ್ಲ.

"ಸಿಹಿ ಬ್ಯಾಡೇನು ಯವ್ವಾ?" ಎಂದು ಅವನು ನಕ್ಕ.

ನಾಲ್ಕು ದಿನ ಬಿಟ್ಟು ನೀಲವ್ವ ಮಗನ ಗುರುತು ಹಿಡಿಯಲಿಲ್ಲ. ಓಣಿಯ ಡಾಕ್ಟರು ಬಂದು ಅವಳ ಮುಂಗೈ ಚರ್ಮ ಚಿವುಟಿ ಎತ್ತಿದರು. ಅದು ಎತ್ತಿದ ಹಾಗೇ ನಿಂತಿತು.

"ಇವರಿಗೆ ನೀರು ಯಾಕ ಕೊಟ್ಟಿಲ್ಲ?"

"ದಿನಾ ಕೊಟ್ಟೀನ್ರೀ" ಅಂದಳು ಕಸ್ತೂರಿ. ಹೇಳುತ್ತಲೇ ಕಿಟಕಿಯ ಹತ್ತಿರ ಹೋದಳು. ಗೋಡೆಯ ಹೊರಬದಿಗೆ ಇಳಿದ ಚಹಾದ ಕಂದು ಗೆರೆಗಳನ್ನು ನೋಡಿ ಗಂಡನನ್ನು ಅಲ್ಲಿಗೆ ಕರೆದಳು.

ಆಸ್ಪತ್ರೆಯಲ್ಲಿ ಹನ್ನೊಂದು ದಿನ ಸಲೈನ್ ಹಾಕಿದರಂತೆ. ಅದರ ಖರ್ಚು ಎಷ್ಟಾಯಿತೋ ನನಗೆ ತಿಳಿಯದು. ಆ ಚೀಟಿಯನ್ನು ಯಾರೂ ನನ್ನ ಮುಂದೆ ನಿಂತು ಓದಲಿಲ್ಲ.

ನನಗೂ ಈಗ ವಯಸ್ಸಾಗಿದೆ. ಬೆಲ್ಟು ಸಡಿಲಾಗಿದೆ, ಮೈಗೆ ತುಕ್ಕು ಹತ್ತಿದೆ. ಒಬ್ಬರು ಒಮ್ಮೆ ಆ ಜಾಲರಿಯನ್ನು ಎಳೆದು ನೋಡಿದ್ದರೆ ಸಾಕಿತ್ತು ಎಂದು ನಿಂತಲ್ಲೇ ಯೋಚಿಸುತ್ತೇನೆ. ಅಷ್ಟಾದರೆ ನೀಲವ್ವ ನೀರು ಚೆಲ್ಲುತ್ತಿರಲಿಲ್ಲವೇ? ಗೊತ್ತಿಲ್ಲ. ಮಗನ ಬಾಯಲ್ಲಿ ಆ ಮಾತು ಬಂದದ್ದು ನನ್ನಿಂದ, ಅಷ್ಟು ಗೊತ್ತು.

ತಾಯಿಯನ್ನು ಮನೆಗೆ ಕರೆತಂದ ದಿನ ಚನಬಸು ತಾನೇ ನನ್ನ ಪ್ಲಗ್ಗು ಹಾಕಿದ. ಒಳಗೆ ಒಣಗಿದ ಟವೆಲ್ಲೊಂದು ಇತ್ತು. ಅದನ್ನೇ ತಿರುಗಲು ಬಿಟ್ಟ. ಸದ್ದು ಕೇಳಲಿ ಎಂದು ಪರದೆಯನ್ನು ಪೂರ್ತಿ ಸರಿಸಿದ.

"ಕೇಳಾಕತ್ತೇತಿಲ್ಲ ಯವ್ವಾ? ಹಗಲೆಲ್ಲಾ ತಿರುಗಲಿ. ಬಿಲ್ಲ ನಾ ತುಂಬ್ತೀನಿ."

ನೀಲವ್ವ ಮಗನನ್ನು ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಅವನು ಲೋಟವನ್ನು ಅವಳ ಬಾಯಿಗೆ ಹಿಡಿದ. ತುಟಿ ತೆರೆಯಲಿಲ್ಲ. ನೀರು ಗದ್ದದಿಂದ ಇಳಿದು ದಿಂಬನ್ನು ತೋಯಿಸಿತು. ಅವಳು ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಅವನು ಮತ್ತೆ ಲೋಟ ತುಂಬಿಕೊಂಡು, ಮಂಚದ ಆ ಬದಿಗೆ ಹೋಗಿ ನೆಲಕ್ಕೆ ಕೂತ.

"ಯವ್ವಾ, ಒಂದು ಗುಟುಕು ಕುಡಿ."