ಮೂರನೇ ಸಾಲಿನ ತಪ್ಪು

ಸಂಜೆ ತರಗತಿಯ ಮೊದಲ ಪಾಠ. ಮೇಷ್ಟ್ರು ಕಿಟಕಿಯ ಬಳಿ ನಿಂತು ಹನ್ನೆರಡು ತಲೆ ಎಣಿಸಿದರು. ಕಳೆದ ಸಲವೂ ಹನ್ನೆರಡೇ ಇದ್ದವು, ಆದರೆ ಒಂಬತ್ತು ಜನ ಪಾಠದ ನಡುವೆಯೇ ಎದ್ದುಹೋಗಿದ್ದರು. "ಈ ಸಲವೂ ಹೀಗಾದ್ರೆ ನಿಮ್ಮ ಭಾಷೆ ಸಾಕು, ಹಳೇದನ್ನೇ ಕಲಿಸೋಣ," ಎಂದು ಪ್ರಿನ್ಸಿಪಾಲರು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಹೊಸಬರಿಗೆಂದೇ ಮೇಷ್ಟ್ರು ನಾಲ್ಕು ವರ್ಷ ಕೂತು ಕಟ್ಟಿದ ಪ್ರೋಗ್ರಾಮಿಂಗ್ ಭಾಷೆ ಅದು.

ಕಟ್ಟುವಾಗ ಅವರಿಗೆ ಅತಿಯಾದ ಕರುಣೆ. ಪಾಪ, ಹೊಸಬರನ್ನು ಕಂಪ್ಯೂಟರ್ ಗದರಬಾರದು! ಯಾರು ಏನು ತಪ್ಪು ಬರೆದರೂ ಭಾಷೆ ಅದನ್ನು ಹೊಟ್ಟೆಗೆ ಹಾಕಿಕೊಂಡು, ಹೇಳದೆ ಬಿಟ್ಟ ಸಂಖ್ಯೆಗೆ ಸೊನ್ನೆ ಇಟ್ಟುಕೊಂಡು ಮುಂದೆ ಹೋಗುತ್ತಿತ್ತು. ಕೊನೆಗೆ ಬರುವ ಉತ್ತರಕ್ಕೆ ಮಾತ್ರ ತಲೆಬುಡ ಇರುತ್ತಿರಲಿಲ್ಲ. ಎಲ್ಲಿ ಎಡವಿದೆವೆಂದು ತಿಳಿಯದೆ ಜನ ತಮ್ಮನ್ನೇ ಬೈದುಕೊಂಡು ಹೊರಟರು. ಮೊದಲು ಎದ್ದವಳು ಅವರ ಸ್ವಂತ ಅಕ್ಕ, ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ ನಡೆಸುವವಳು. "ಈ ವಯಸ್ಸಲ್ಲಿ ನನ್ನ ತಲೆಗೆ ಹತ್ತಲ್ಲ ಬಿಡೋ," ಎಂದಿದ್ದಳು.

ಆಮೇಲೊಂದು ದಿನ ಅವಳ ಅಂಗಡಿಯಲ್ಲಿ, ಕೆಳಗಿನ ದಾರ ಮುಗಿದಿದ್ದರೂ ಹೊಲಿಗೆ ಯಂತ್ರ ಗಡಗಡ ಓಡುತ್ತಲೇ ಇತ್ತು. ಬಟ್ಟೆ ಎತ್ತಿದರೆ ಒಂದು ಹೊಲಿಗೆಯೂ ನಿಂತಿರಲಿಲ್ಲ. "ದರಿದ್ರದ್ದು! ಆಗ್ಲೇ ನಿಂತುಬಿಟ್ಟಿದ್ರೆ ಇಷ್ಟುದ್ದ ತುಳಿಯೋದಾದ್ರೂ ತಪ್ತಿತ್ತು," ಎಂದು ಅಕ್ಕ ಸಿಡುಕಿದಳು. ಮೇಷ್ಟ್ರು ಅಲ್ಲಿಂದ ನೇರ ಮನೆಗೆ ಓಡಿ, ಭಾಷೆಯ ಕರುಣೆಯನ್ನೆಲ್ಲ ಕಿತ್ತುಹಾಕಲು ಕೂತರು.

ಇಂದು ಆ ಹೊಸ ಭಾಷೆಗೆ ಪರೀಕ್ಷೆ. ಕಾಡಿಬೇಡಿ ಅಕ್ಕನನ್ನೂ ಕರೆತಂದಿದ್ದರು. ಕಿಟಕಿ ಪರದೆಗೆ ಎಷ್ಟು ಬಟ್ಟೆ ಬೇಕೆಂಬ ಲೆಕ್ಕ ಬರೆದು ಅವಳು ಗುಂಡಿ ಒತ್ತಿದಳು. ಪ್ರೋಗ್ರಾಂ ಗಕ್ಕನೆ ನಿಂತಿತು. 'ಮೂರನೇ ಸಾಲಿನಲ್ಲಿ ಅಗಲ ಎಂದು ಬರೆದಿದ್ದೀರಿ. ಅಗಲ ಎಷ್ಟೆಂದು ಇನ್ನೂ ಹೇಳಿಲ್ಲ.'

ಮೇಷ್ಟ್ರು ಅಕ್ಕನ ಮುಖವನ್ನೇ ನೋಡಿದರು. ಇನ್ನೇನು, ಎದ್ದೇಬಿಡುತ್ತಾಳೆ.

ಅಕ್ಕ ಕನ್ನಡಕ ಮೇಲೇರಿಸಿ ಎರಡು ಸಲ ಓದಿದಳು. "ಅಯ್ಯೋ, ಅಳತೇನೇ ತಗೊಳ್ದೆ ಕತ್ತರಿ ಹಾಕಿದೀನಲ್ಲೋ!" ಒಂದು ಸಾಲು ಸೇರಿಸಿದಳು. ಉತ್ತರ ಬಂತು. ಬೆರಳಲ್ಲೇ ತಾಳೆ ನೋಡಿದಳು, ಸರಿಯಾಗಿತ್ತು.

"ಸರ್, ನಂದೂ ನಿಂತಿದೆ. ನೀವು ಬರೋದು ಬೇಡ ಬಿಡಿ, ಎಲ್ಲಿ ಅಂತ ಅದೇ ಹೇಳ್ತಿದೆ," ಎಂದ ಪಕ್ಕದಲ್ಲಿ ಕೂತಿದ್ದ ಬೇಕರಿಯವನು.

ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಬಾಗಿಲಲ್ಲಿ ಇಣುಕಿದ ಪ್ರಿನ್ಸಿಪಾಲರು ತಲೆ ಎಣಿಸಿ, "ಮುಂದುವರಿಸಿ ಮೇಷ್ಟ್ರೇ," ಎಂದು ಹೋದರು. ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು.

"ಹಾಗಾದ್ರೆ ಹೋದ ಸಲ ಕೆಟ್ಟಿದ್ದು ನನ್ನ ತಲೆ ಅಲ್ಲ ಅಂತಾಯ್ತು?" ಎಂದಳು ಅಕ್ಕ.

"ಅಲ್ಲ ಅಕ್ಕ. ನನ್ನ ಭಾಷೆ."

"ಅದನ್ನ ಹೇಳೋಕೆ ಆರು ತಿಂಗಳು ಬೇಕಾಯ್ತಾ ನಿಂಗೆ? ಅಷ್ಟೂ ದಿನ ನಾನೇ ದಡ್ಡಿ ಅಂದ್ಕೊಂಡಿದ್ದೆನಲ್ಲೋ!" ತಮ್ಮನ ಬೆನ್ನಿಗೊಂದು ಗುದ್ದು ಕೊಟ್ಟು, ನಗುತ್ತಾ, ಅವಳು ಮುಂದಿನ ಸಾಲು ಬರೆಯತೊಡಗಿದಳು.